ಮಾವನಿಗೆ ಇ.ಸಿ.ಜಿ., ಅತ್ತೆಗೆ ಗ್ಯಾಸ್ ಮಾತ್ರೆ

"ಎದೆ ಹಿಂಡಿದ ಹಾಗೆ ಆಗ್ತಿದೆ ಡಾಕ್ಟ್ರೇ" ಎಂದು ಅತ್ತೆ ಸೆರಗಿನಿಂದ ಬೆವರು ಒರೆಸಿಕೊಂಡರು. ಎಂಬತ್ತರ ದಶಕದ ಆರ್.ಟಿ. ನಗರದ ನಮ್ಮ ಡಾಕ್ಟರು ಅವರನ್ನು ಬಿಟ್ಟು, ಪಕ್ಕದಲ್ಲಿದ್ದ ನನ್ನನ್ನು ನೋಡಿ ನಕ್ಕರು. "ಏನಮ್ಮಾ, ಅತ್ತೆ ಸೊಸೆ ಜಗಳ ಆಡಿದ್ರಾ? ಇದು ಬರೀ ಗ್ಯಾಸು."

ಹಿಂದಿನ ವರ್ಷ ಮಾವ ಇದೇ ಮಾತು ಹೇಳಿದಾಗ ಇದೇ ಡಾಕ್ಟರು ತಮ್ಮ ಕಾರಿನಲ್ಲೇ ಅವರನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದು ಇ.ಸಿ.ಜಿ. ಮಾಡಿಸಿದ್ದರು. ಅತ್ತೆಗೆ ಮಾತ್ರೆ ಕೊಟ್ಟು ಕಳಿಸಿದರು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕುತ್ತಿದ್ದವರು ಅಲ್ಲೇ ಕುಸಿದರು. ಮತ್ತೆ ಏಳಲಿಲ್ಲ.

ಮನೆ ಮುಂದೆ ಅತ್ತೆಯನ್ನು ಮಲಗಿಸಿದ್ದಾಗ ಡಾಕ್ಟರು ಬಂದರು. ನೇರವಾಗಿ ಮಾವನ ನಾಡಿ ಹಿಡಿದು, "ನೀವು ಹೀಗೆಲ್ಲ ಅಳ್ಬಾರ್ದು, ಹಾರ್ಟ್ ಪೇಷೆಂಟು" ಅಂದರು.

ನನಗೀಗ ಅತ್ತೆಯ ವಯಸ್ಸು. ಯಾವ ಡಾಕ್ಟರ ಎದುರು ಕೂತರೂ ಮೊದಲು ಕೈ ಚಾಚುತ್ತೇನೆ: "ನಾಡಿ ನೋಡಿ. ಮಾತು ಆಮೇಲೆ."