ಕೊಪ್ಪದಲ್ಲಿ ಕಪ್ಪು ದ್ರವ್ಯ

ಸಭಾಂಗಣಗಳ ಮುಂದಿನ ಸಾಲಿನ ಕುರ್ಚಿಗಳನ್ನು ನೀವು ಎಂದಾದರೂ ಗಮನಿಸಿದ್ದೀರಾ? ಅವು ಸವೆಯುವುದೇ ಇಲ್ಲ. ಹಿಂದಿನವು ಕಾಲು ಮುರಿದು, ಬೆನ್ನು ಬಿರಿದು ಗುಜರಿ ಸೇರಿದರೂ ಇವು ಮಾತ್ರ ಅಂಗಡಿಯಿಂದ ಈಗ ತಂದಂತೆ ಹೊಳೆಯುತ್ತಿರುತ್ತವೆ. ಅದರಲ್ಲೂ ಉಪನ್ಯಾಸ ವಿಜ್ಞಾನದ್ದಾಗಿ, ಉಪನ್ಯಾಸಕಿ ನಾನಾಗಿದ್ದರಂತೂ ಆ ಕುರ್ಚಿಗಳಿಗೆ ಪೂರ್ಣ ವಿಶ್ರಾಂತಿ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದಾಗ ಹಾಜರಿಯ ಹೆದರಿಕೆಗಾದರೂ ಮಕ್ಕಳು ಕೂರುತ್ತಿದ್ದರು. ನಿವೃತ್ತಿಯ ನಂತರ ನನ್ನ ವಾಗ್ವೈಭವಕ್ಕೆ ಆ ಆಸರೆಯೂ ತಪ್ಪಿತು.

ಆದ್ದರಿಂದ ಕೊಪ್ಪದ ನಮ್ಮ ಓದುಗರ ಬಳಗದ ಕಾರ್ಯದರ್ಶಿ ಸುಬ್ರಾಯ ಬಂದು, "ಮೇಡಂ, ಭಾನುವಾರ ಎಂತಾದ್ರೂ ಒಂದು ಮಾತಾಡಿ" ಎಂದಾಗ, ಹೇಗೂ ಯಾರೂ ಬರುವುದಿಲ್ಲವೆಂಬ ನಿಶ್ಚಿಂತೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಷಯವನ್ನೇ ಆರಿಸಿಕೊಂಡೆ. ಬೇರೆಯವರು ಧಾರಾವಾಹಿ ನೋಡುವ ತನ್ಮಯತೆಯಿಂದ ನಾನು ಡಾರ್ಕ್ ಮ್ಯಾಟರ್‌ನ, ಅಂದರೆ ವಿಶ್ವದಲ್ಲಿ ಕಣ್ಣಿಗೆ ಕಾಣದೆ ಅಡಗಿರುವ ವಸ್ತುವಿನ, ಸುದ್ದಿಗಳನ್ನು ಓದುತ್ತೇನೆ. ಇಂಗ್ಲಿಷಿನ ಹೆಸರಿಗೆ ನನ್ನ ಕನ್ನಡಾಭಿಮಾನ ಒಪ್ಪದೆ, "ಕಪ್ಪು ದ್ರವ್ಯದ ಹುಡುಕಾಟ: ಇತ್ತೀಚಿನ ಫಲಿತಾಂಶಗಳು" ಎಂದು ಬರೆದುಕೊಟ್ಟೆ. ಸುಬ್ರಾಯ ಅದನ್ನು "ತಜ್ಞರಿಂದ ಮಾಹಿತಿ" ಎಂಬ ಅಡಿಬರಹದೊಂದಿಗೆ ತಾನಿರುವ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿದ. ಅವುಗಳಲ್ಲಿ ವರ್ತಕರ ಗುಂಪೂ ಇತ್ತು.

ಭಾನುವಾರ ಹೋಗಿ ನೋಡಿದರೆ ಹೊರಗೆ ಸಾಲಾಗಿ ಕಾರುಗಳು, ಒಳಗೆ ಜನವೋ ಜನ! ಶೃಂಗೇರಿಯವರು, ಜಯಪುರದವರು, ಎನ್.ಆರ್.ಪುರದವರು. ಮುಂದಿನ ಸಾಲಿನ ನಟ್ಟನಡುವೆ ಎನ್.ಆರ್.ಪುರದ ಅಡಿಕೆ ವ್ಯಾಪಾರಿ ಚನ್ನಬಸಪ್ಪನವರು ತಮ್ಮ ಆಡಿಟರನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ನಾಡಿನಲ್ಲಿ ವೈಜ್ಞಾನಿಕ ಮನೋಭಾವ ಈ ಪರಿ ಉಕ್ಕಿದ್ದು ನನಗೆ ತಿಳಿಯದೇ ಹೋಯಿತಲ್ಲ ಎಂದು ನನ್ನ ಕಣ್ಣು ತೇವವಾಯಿತು.

ಉತ್ಸಾಹದಿಂದಲೇ ಶುರುಮಾಡಿದೆ. "ಕಪ್ಪು ದ್ರವ್ಯ ತಾನಾಗಿ ಬೆಳಕಿಗೆ ಬರುವುದಿಲ್ಲ. ಆದರೆ ಅದರ ಸುತ್ತಮುತ್ತಲಿನ ಓಡಾಟ ನೋಡಿದರೆ, ಎಲ್ಲೋ ಬಹಳವಾಗಿ ಅಡಗಿದೆ ಎಂದು ಲೆಕ್ಕ ಬಲ್ಲವರಿಗೆ ಗೊತ್ತಾಗಿಬಿಡುತ್ತದೆ." ಆಡಿಟರು ನೆಲ ನೋಡಿದರು. "ಒಟ್ಟು ದ್ರವ್ಯದಲ್ಲಿ ನಮಗೆ ಕಾಣುವುದು ಸುಮಾರು ಆರರಲ್ಲಿ ಒಂದು ಪಾಲು. ಉಳಿದ ಐದೂ ಪಾಲು ಕಪ್ಪು!"

"ನಮ್ಮ ಕಡೆ ಅಷ್ಟೆಲ್ಲ ಇಲ್ಲ ಮಾರಾಯ್ರೆ," ಎಂದಿತು ಹಿಂದಿನಿಂದ ಒಂದು ಧ್ವನಿ. ತಮಾಷೆಯಿರಬೇಕೆಂದು ನಕ್ಕು ಮುಂದುವರಿಸಿದೆ. "ಹುಡುಕುವವರೂ ಬಿಟ್ಟಿಲ್ಲ. ಬೆಟ್ಟದಡಿ, ಗಣಿಗಳ ಆಳದಲ್ಲಿ ಇಳಿದು ಕೂತಿದ್ದಾರೆ."

"ನೆಲದಡಿ ಇದ್ರೂ ಬಿಡಲ್ವಾ?" ಚನ್ನಬಸಪ್ಪನವರು ಹಣೆಯೊರೆಸಿಕೊಂಡರು.

"ನೆಲದಡಿ ಮಾತ್ರವೇ? ಅದು ಈ ಸಭಾಂಗಣದಲ್ಲೂ ಇದೆ. ಈ ಕ್ಷಣದಲ್ಲಿ ನಿಮ್ಮ ಹತ್ತಿರವೂ ಇದೆ!"

ಚನ್ನಬಸಪ್ಪನವರು ದಡಕ್ಕನೆ ಎದ್ದು ನಿಂತರು. "ನನ್ನ ಹತ್ರ ಎಂತದೂ ಇಲ್ಲ ಮೇಡಂ! ಬೇಕಾದ್ರೆ ಇವರನ್ನೇ ಕೇಳಿ!" ಎಂದು ಆಡಿಟರ ಭುಜ ಹಿಡಿದರು.

ಆಗ ನನಗೆ ಹೊಳೆಯಿತು, ಓದುಗ ಮಿತ್ರರೇ, ನಿಮಗೆ ಎಷ್ಟೋ ಮೊದಲೇ ಹೊಳೆದದ್ದು. ದ್ರವ್ಯ! ಪ್ರಯೋಗಶಾಲೆಯಲ್ಲಿ ಅದು ವಸ್ತು; ಪೇಟೆಯಲ್ಲಿ ಅದು ದುಡ್ಡು. ಮೂರು ತಾಲ್ಲೂಕಿನ ವರ್ತಕರನ್ನು ನಾನು ಕಪ್ಪುಹಣದ ದಾಳಿಯ ಭಯ ಹುಟ್ಟಿಸಿ ಕರೆತಂದಿದ್ದೆ. "ಕ್ಷಮಿಸಿ," ಎಂದೆ, "ನಾನು ಹೇಳುತ್ತಿರುವುದು ಹಣದ ಮಾತಲ್ಲ. ನಕ್ಷತ್ರಗಳ ನಡುವೆ ಅಡಗಿರುವ ಒಂದು ವಸ್ತುವಿನ ಮಾತು."

ಇನ್ನೇನು ಕುರ್ಚಿಗಳು ಕಿರ್ರೆನ್ನುತ್ತವೆ, ಸಭೆ ಖಾಲಿಯಾಗುತ್ತದೆ ಎಂದು ಕಾದೆ. ಜಯಪುರದಲ್ಲಿ ಬಟ್ಟೆ ಅಂಗಡಿಯಿರುವ ರಜಾಕ್ ಸಾಹೇಬರು ಮೊದಲು ನಕ್ಕರು. "ನನ್ನ ಹತ್ರ ಕಪ್ಪೂ ಇಲ್ಲ, ಬಿಳೀದೂ ಇಲ್ಲ ಮೇಡಂ. ಇರೋರ ಮುಖ ನೋಡುವಾ ಅಂತ ಬಂದಿದ್ದೆ, ನೋಡಿ ಆಯ್ತು. ಇನ್ನು ನಿಮ್ಮ ನಕ್ಷತ್ರದ್ದೂ ಹೇಳಿ." ಸಭೆಯೇ ಬಿದ್ದು ಬಿದ್ದು ನಕ್ಕಿತು. ಚನ್ನಬಸಪ್ಪನವರದು ಜ್ವರ ಬಿಟ್ಟವರ ನಗು. ಯಾರೂ ಏಳಲಿಲ್ಲ.

ಹೇಳಿದೆ. ಜೆನಾನ್ ಎಂಬ ಅನಿಲವನ್ನು ದ್ರವವಾಗುವಷ್ಟು ತಣ್ಣಗಾಗಿಸಿ, ಭೂಗರ್ಭದಲ್ಲಿ ದೊಡ್ಡ ತೊಟ್ಟಿಗಳಿಗೆ ತುಂಬಿ, ಕಪ್ಪು ದ್ರವ್ಯದ ಒಂದು ಕಣವಾದರೂ ತಾಗಿ ಮಿಣುಕು ಬೆಳಕು ಮೂಡೀತೇ ಎಂದು ವರ್ಷಗಟ್ಟಲೆ ಕಾಯುವವರ ಕಥೆ. ಇತ್ತೀಚಿನ ಫಲಿತಾಂಶ? ಆ ಕಣ ಇನ್ನೂ ಸಿಕ್ಕಿಲ್ಲ. ಬದಲಿಗೆ, ಸೂರ್ಯನಿಂದ ಬಂದ ನ್ಯೂಟ್ರಿನೋ ಎಂಬ ಕಣಗಳ ಸುಳಿವು ತೊಟ್ಟಿಯಲ್ಲಿ ಕಾಣಿಸಿಕೊಂಡಿದೆ.

"ಅಂದ್ರೆ ರೈಡಿಗೆ ಹೋದದ್ದು ಒಬ್ಬರ ಮನೆಗೆ, ಸಿಕ್ಕಿಬಿದ್ದದ್ದು ಪಕ್ಕದ ಮನೆಯವರು!" ಎಂದರು ರಜಾಕ್. ಇಷ್ಟು ವರ್ಷ ಪಾಠ ಮಾಡಿದ ನನಗೆ ಇಂಥದೊಂದು ಹೋಲಿಕೆ ಸಿಕ್ಕಿರಲಿಲ್ಲ. ನಗು ತಗ್ಗಿದ ಮೇಲೆ ಅವರೇ ಕೇಳಿದರು: "ಇಷ್ಟು ಹುಡುಕಿ ಸಿಗದಿದ್ರೆ ಅವರಿಗೆ ಬೇಜಾರಾಗಲ್ವಾ ಮೇಡಂ? ನೀವೂ ಹೀಗೆ ಹುಡುಕಿದ್ದುಂಟಾ?"

ಯೌವನದಲ್ಲಿ ನಾನೂ ಒಂದು ಚಿನ್ನದ ಗಣಿಯ ಆಳದಲ್ಲಿ, ಪ್ರೋಟಾನ್ ಎಂಬ ಕಣ ತಾನಾಗಿ ಒಡೆಯುತ್ತದೆಯೇ ಎಂದು ಕಾಯುವ ತಂಡದಲ್ಲಿ ಕೆಲವು ವರ್ಷ ದುಡಿದಿದ್ದೆ. ಊರಿಗೆ ಬಂದಾಗಲೆಲ್ಲ ನೆಂಟರು "ಎಂತ ಸಿಕ್ತು?" ಎಂದು ಕೇಳುತ್ತಿದ್ದರು. ಅವರು ಕೇಳುತ್ತಿದ್ದದ್ದು ಚಿನ್ನವನ್ನೋ ಪ್ರೋಟಾನನ್ನೋ ತಿಳಿಯದು. ಎರಡಕ್ಕೂ ನನ್ನ ಉತ್ತರ ಒಂದೇ ಆಗಿತ್ತು. ಕ್ರಮೇಣ ಆ ವರ್ಷಗಳ ಮಾತೆತ್ತುವುದನ್ನೇ ಬಿಟ್ಟೆ.

"ಹುಡುಕಿದ್ದೇನೆ," ಎಂದೆ. "ಹಗಲೂ ರಾತ್ರಿ, ಗಣಿಯ ತಳದಲ್ಲಿ. ಎಲ್ಲೆಲ್ಲಿ ಇಲ್ಲವೆಂದು ಖಚಿತವಾಗಿ ಹೇಳುವುದೂ ಒಂದು ಫಲಿತಾಂಶವೇ. ಆದರೆ ನಿಜ ಹೇಳಬೇಕೆಂದರೆ, ಅಷ್ಟು ಹುಡುಕಿದರೂ ನಮಗೆ ಏನೂ ಸಿಗಲಿಲ್ಲ."

ಚನ್ನಬಸಪ್ಪನವರ ಮುಖ ಅರಳಿತು. ಹುಡುಕಲು ಬಂದವರಿಗೆ ಏನೂ ಸಿಗಲಿಲ್ಲ ಎಂಬುದಕ್ಕಿಂತ ಇಂಪಾದ ವಾಕ್ಯವನ್ನು ಅವರು ಕನ್ನಡದಲ್ಲಿ ಕೇಳಿಯೇ ಇರಲಿಲ್ಲವೆಂದು ಕಾಣುತ್ತದೆ. "ಭೇಷ್!" ಎನ್ನುತ್ತ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಆಡಿಟರು ತಟ್ಟಿದರು, ರಜಾಕ್ ತಟ್ಟಿದರು, ಶೃಂಗೇರಿ, ಜಯಪುರ, ಎನ್.ಆರ್.ಪುರಗಳೆಲ್ಲ ಒಂದಾಗಿ ತಟ್ಟಿದವು. ಅವರು ತಟ್ಟಿದ್ದು ಯಾವ ಸಂತೋಷಕ್ಕೋ, ವಿಚಾರಿಸುವ ಗೋಜಿಗೆ ನಾನು ಹೋಗಲಿಲ್ಲ. ನನ್ನ ಆ ವರ್ಷಗಳಿಗೆ ಸಿಕ್ಕ ಮೊದಲ ಚಪ್ಪಾಳೆ ಅದು. ನಕ್ಕೂ ನಕ್ಕೂ ನೀರಾಡಿದ ಕಣ್ಣಲ್ಲೇ ಕೈ ಮುಗಿದು, ಅಷ್ಟನ್ನೂ ನನ್ನದಾಗಿಸಿಕೊಂಡೆ.