ಎಡೆ ಮುಟ್ಟಲು ಬಂದ ಮಟಪಕ್ಷಿ

"ಸಾರ್, ಅದ್ರಲ್ಲಿ ಕಾಗೆ ಎಲ್ಲಾದ್ರೂ ಕಾಣುತ್ತಾ, ಸ್ವಲ್ಪ ನೋಡ್ತೀರಾ?"

ಇವತ್ತು ಪುಟ್ಟೇನಹಳ್ಳಿ ಕೆರೆ ಏರಿಯ ಮೇಲೆ, ಬೀಸುವ ಗಾಳಿಯಲ್ಲಿ, ಬಣ್ಣದ ಕೊಕ್ಕರೆಗಳತ್ತ ದುರ್ಬೀನು ಹಿಡಿದು ನಿಂತಿದ್ದ ನನ್ನನ್ನು ಒಬ್ಬರು ಹೀಗೆ ಕೇಳಿದರು ಕಣ್ರೀ. ಅವರ ತಂದೆಯ ತಿಥಿಯಂತೆ. ಬಾಳೆ ಎಲೆಯಲ್ಲಿ ಎಡೆ ಇಟ್ಟು, ತಾಯಿಯ ಜೊತೆ ಕಾಯುತ್ತಿದ್ದರು. ಕಾಗೆ ಮುಟ್ಟದೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ. ಕೆರೆ ತುಂಬ ಹಕ್ಕಿ, ಕಾಗೆ ಮಾತ್ರ ಒಂದೂ ಇಲ್ಲ. ದಿನಾ ಕಾಗೆಗಳ ಗಲಾಟೆಗೆ ಬಯ್ಯುವ ನಾನು, ಇವತ್ತು ಅವರ ಜೊತೆ ನಿಂತು "ಕಾ ಕಾ" ಎಂದು ಕೂಗಿದೆ.

ಕೊನೆಗೆ ಉದ್ದ ಬಾಲದ, ಕಂದು ಬಣ್ಣದ ಮಟಪಕ್ಷಿಯೊಂದು ಇಳಿದು, ವಡೆ ಕಚ್ಚಿಕೊಂಡು ಹಾರಿತು.

"ಇದು ಲೆಕ್ಕಕ್ಕೆ ಬರಲ್ಲಮ್ಮ" ಎಂದರು ಮಗ.

"ಇದೂ ಕಾಗೆ ಕುಟುಂಬದ್ದೇ ಸಾರ್" ಎಂದೆ ನಾನು. ಸುಳ್ಳಲ್ಲ, ನಿಜವೇ.

ತಾಯಿ ಸೆರಗು ಕೊಡವಿ ಎದ್ದರು. "ನಡಿಯೋ ಮನೆಗೆ. ನಿಮ್ಮಪ್ಪ ಇದ್ದಾಗ್ಲೂ ಯಾರ ಮನೆ ಊಟಕ್ಕೂ ತಾವು ಹೋಗ್ತಿರಲಿಲ್ಲ, ತಮ್ಮನನ್ನೇ ಕಳಿಸ್ತಿದ್ರು."

ಕೊಕ್ಕರೆ ನೋಡಲು ಹೋದವನು ಆ ತಾಯಿಯ ಮೈದುನನನ್ನು ನೋಡಿಕೊಂಡು ಬಂದೆ.