ಸುಬ್ರಾಯ ಮಾವನ ಕೋವಿ, ಅತ್ತೆಯ ಚಿಲಕ

ಮಳೆಗಾಲಕ್ಕೆ ಮುಂಚೆ ನಮ್ಮ ಕುಮಟೆಯ ಮನೆಯ ಮುಂಬಾಗಿಲಿಗೆ ಒಂದು ಗತಿ ಕಾಣಿಸಬೇಕೆಂದು ಆಚಾರಿಯನ್ನು ಕರೆಸಿದ್ದೆ. ಕಳೆದ ಮಳೆಯಲ್ಲಿ ಉಬ್ಬಿಕೊಂಡ ಆ ಬಾಗಿಲು ಹೆಗಲು ಕೊಟ್ಟು ನೂಕದೆ ತೆರೆಯುತ್ತಿರಲಿಲ್ಲ; ಬಂದ ನೆಂಟರೆಲ್ಲ ಮುಗ್ಗರಿಸುತ್ತಲೇ ಒಳಗೆ ಬರಬೇಕಿತ್ತು. ಆಚಾರಿ ಬಾಗಿಲು ಕಳಚಿ ಜಗಲಿಯಲ್ಲಿ ಮಲಗಿಸಿ, ಅದರ ಚಿಲಕ, ಬಿಜಾಗರಿಗಳನ್ನೆಲ್ಲ ಬಿಚ್ಚಿ ಒಂದು ಹಳೆಯ ತಟ್ಟೆಗೆ ಹಾಕಿ, ಉಬ್ಬಿದ ಅಂಚಿಗೆ ತೋಪಡಾ ಹೊಡೆದು ಹೆರೆಯಲು ಕುಳಿತ. ಅಲ್ಲಿಯವರೆಗೆ ಎಲ್ಲ ಸರಿಯೇ ಇತ್ತು. ನಾನು ಚಾ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಆತ ಡಬ್ಬವೊಂದರ ಮುಚ್ಚಳ ತೆಗೆದಿದ್ದ. ಹೊನ್ನೆ ಎಣ್ಣೆ!

"ಮುಚ್ಚಿ ಆಚಾರ್ರೇ, ಮೊದಲು ಅದನ್ನ ಮುಚ್ಚಿ! ಈ ಎಣ್ಣೆ ಈ ಮನೆಲಿ ಬೇಡ."

"ಎಂತಕ್ಕೆ ಅಕ್ಕಾ? ಪೇಟೆ ಪಾಲಿಶಿಗಿಂತ ಇದೇ ಗಟ್ಟಿ. ಗೆದ್ದಲು ಹತ್ರ ಸುಳಿಯೂದಿಲ್ಲ."

ಪಾಪ, ಅವನದು ನ್ಯಾಯವಾದ ಪ್ರಶ್ನೆ. ಉತ್ತರ ಹೇಳಹೊರಟರೆ ಅವನ ಒಂದು ದಿನದ ಕೆಲಸ ಕೆಡುತ್ತಿತ್ತು. ನಿಮಗಾದರೆ ಪುರುಸೊತ್ತಿದೆ, ಇಲ್ಲದಿದ್ದರೆ ಇಂಥದ್ದನ್ನೆಲ್ಲ ಓದುತ್ತ ಕೂರುತ್ತಿರಲಿಲ್ಲ. ಹಾಗಾಗಿ ನಿಮಗೆ ಹೇಳುತ್ತೇನೆ. ಒಳಗಿನ ಕೋಣೆಯಲ್ಲಿ ನಾಗವೇಣಿ ಅತ್ತೆ ಇದ್ದಾಳೆ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಸೋದರಮಾವನ ಹೆಂಡತಿ. ಈ ವಾಸನೆ ಅವಳ ಮೂಗಿಗೆ ಬೀಳಬಾರದು. ಅದೇ ಕಾರಣ.

ಹೊನ್ನೆ ಎಣ್ಣೆಯ ವಾಸನೆ ಗೊತ್ತಿಲ್ಲದವರಿಗೆ ಅದನ್ನು ಹೇಗೆ ಹೇಳಲಿ? ಸ್ವಲ್ಪ ಕಹಿ, ಸ್ವಲ್ಪ ಕಮಟು, ಮೂಗಿಗೆ ಒಮ್ಮೆ ಹತ್ತಿದರೆ ಊಟದ ತನಕ ಬಿಡುವುದಿಲ್ಲ. ಹಿಂದೆ ದೀಪಕ್ಕೂ ದೋಣಿಗೂ ಅದೇ ಆಗಿತ್ತು. ನನ್ನ ಮಟ್ಟಿಗೆ ಅದು ಧಾರೇಶ್ವರದ ಸುಬ್ರಾಯ ಮಾವನ ಜಗಲಿಯ ವಾಸನೆ. ಸಮುದ್ರದ ಗಾಳಿ ಬೀಸುವ ಇಳಿಹೊತ್ತು, ಹಾಸಿದ ಗೋಣಿಚೀಲ, ತೊಡೆಯ ಮೇಲೆ ಮಲಗಿದ ಉದ್ದನೆಯ ಕೋವಿ, ಅದರ ಕಟ್ಟಿಗೆಯ ಮೇಲೆ ಹಿಂದೆ ಮುಂದೆ ಹೋಗುವ ಎಣ್ಣೆಬಟ್ಟೆ. ಆ ಕೈ ಆಡುವುದನ್ನು ನೋಡುತ್ತ ಕುಳಿತರೆ ನನಗೆ ತೂಕಡಿಕೆ ಬರುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಅದೇ ಕೈ, ಅದೇ ಬಟ್ಟೆ.

ಮಾವ ಸೈನ್ಯದಲ್ಲಿ ಬಂದೂಕು ದುರಸ್ತಿಯ ಕೆಲಸದಲ್ಲಿದ್ದವನು. ಸೈನ್ಯ ಬಿಟ್ಟು ಊರಿಗೆ ಬಂದವರು ಅಂಗಡಿ ಹಾಕುತ್ತಾರೆ, ರಾಜಕೀಯ ಮಾಡುತ್ತಾರೆ. ಇವನಿಗೆ ಹಳೆಯ ರೈಫಲ್ಲುಗಳ ಹುಚ್ಚು ಹಿಡಿಯಿತು. ಯಾವುದೋ ಯುದ್ಧಕ್ಕೆಂದು ತಯಾರಾಗಿ, ಆಮೇಲೆ ಕೊಳವೆ ಬದಲಿಸಿಕೊಂಡು ಸಾಹೇಬರ ಶಿಕಾರಿಗೆ ಹೋಗಿ, ಕೊನೆಗೆ ನಮ್ಮ ಕಡೆಯ ಮನೆಗಳ ಅಟ್ಟದಲ್ಲಿ ತುಕ್ಕು ತಿನ್ನುತ್ತ ಬಿದ್ದ ರೈಫಲ್ಲುಗಳು. ಸಂತೆಗುಳಿಯಲ್ಲಿ ಒಂದಿದೆಯಂತೆ ಎಂದರೆ ಅಲ್ಲಿಗೆ, ಹೊನ್ನಾವರದಲ್ಲಿ ಯಾರೋ ಲೈಸೆನ್ಸ್ ಬಿಟ್ಟುಕೊಡುತ್ತಾರಂತೆ ಎಂದರೆ ಅಲ್ಲಿಗೆ ಓಡುತ್ತಿದ್ದ. ಕಾನೂನುಪ್ರಕಾರ ಒಂದನ್ನು ಪಡೆದು, ಸರಿಮಾಡಿ, ಲೈಸೆನ್ಸ್ ಇದ್ದ ಮತ್ತೊಬ್ಬರಿಗೆ ದಾಟಿಸಿ, ಇನ್ನೊಂದನ್ನು ತರುತ್ತಿದ್ದ. ಕಚೇರಿಯ ಮೆಟ್ಟಿಲು ಹತ್ತಿ ಹತ್ತಿ ಚಪ್ಪಲಿ ಸವೆದದ್ದೇ ಹೆಚ್ಚು. ಈಡು ಹೊಡೆದದ್ದನ್ನು ನಾನಂತೂ ಒಮ್ಮೆಯೂ ನೋಡಲಿಲ್ಲ. ನೆರೆಮನೆಯವರು "ಒಡೆಯಾ, ಮಂಗನ ಕಾಟ, ಒಂದು ಈಡು ಹೊಡೀರಿ" ಎಂದರೆ "ಮಂಗನಿಗೆ ಪಟಾಕಿ ಸಾಕು ಮಾರಾಯಾ" ಎಂದು ಎಣ್ಣೆ ಹಚ್ಚುವುದನ್ನು ಮುಂದುವರಿಸುತ್ತಿದ್ದ.

ಕೊನೆಯವರೆಗೆ ಅವನ ಬಳಿ ಉಳಿದದ್ದು ಭಟ್ಕಳದಿಂದ ಬಂದದ್ದು. ಅಲ್ಲಿಯ ಹಿರಿಯ ವ್ಯಾಪಾರಿಯೊಬ್ಬರ ಅಜ್ಜನ ಕಾಲದ ರೈಫಲ್. "ನೋಡಿ ಸುಬ್ರಾಯ್, ಇದಕ್ಕೆ ನಮ್ಮ ಮನೆಯಲ್ಲಿ ಕದರ್ ಇಲ್ಲ, ಕೇಳುವವರಿಲ್ಲ. ನಿಮ್ಮಲ್ಲಿ ಆರಾಮ್ ಇರಲಿ" ಎಂದು, ಮಗಳನ್ನು ಕಳಿಸಿಕೊಡುವ ಹಾಗೆ ಕೊಟ್ಟರಂತೆ. ಅದರ ಕಟ್ಟಿಗೆ ಉದ್ದಕ್ಕೂ ಸೀಳಿತ್ತು. ಮಾವ ಸೀಮೆಎಣ್ಣೆಯಲ್ಲಿ ತೆಂಗಿನ ನಾರು ಅದ್ದಿ ವಾರಗಟ್ಟಲೆ ತುಕ್ಕು ತಿಕ್ಕಿದ. ಹಿಂಬದಿಯ ಹಿತ್ತಾಳೆ ತಗಡನ್ನು ಅತ್ತೆಯೇ ಹುಣಸೆಹಣ್ಣು ಹಾಕಿ ದೇವರ ದೀಪದ ಜೊತೆ ತೊಳೆದಳು. ಸೀಳನ್ನು ಕೂಡಿಸಲು ತೆಂಗಿನಗುಂಡಿ ಊರಿನ ದೋಣಿ ಮಾಡುವವರ ಬಳಿ ಹೋಗಿದ್ದನಂತೆ. ಅವರು ಮರದ ಬೆಣೆ ಕೊಟ್ಟು, ಜೊತೆಗೊಂದು ಬಾಟ್ಲಿ ಹೊನ್ನೆ ಎಣ್ಣೆಯನ್ನೂ ಕೊಟ್ಟರು. "ದೋಣಿಗೆ ಆಗೂದು ಕೋವಿಗೆ ಆಗೂದಿಲ್ವಾ?" ಎಂದರಂತೆ. ಶಾಸ್ತ್ರದ ಪ್ರಕಾರ ಅಗಸೆ ಎಣ್ಣೆಯೇ ಆಗಬೇಕು. ಸೈನ್ಯದಲ್ಲಿ ಅದನ್ನು ಕಲಿತು ಬಂದವನೇ ಈ ಕರಾವಳಿಯ ಎಣ್ಣೆಗೆ ಮರುಳಾದ. ಸೈನ್ಯದ ಕೋವಿಯಿಂದ ದೋಣಿಯ ವಾಸನೆ ಬರತೊಡಗಿತು.

ಈಗ ಚಿಲಕದ ವಿಷಯ. ಇಂಥ ರೈಫಲ್ಲಿನ ಬೆನ್ನ ಮೇಲೆ ಹಿಡಿ ಇರುವ ಒಂದು ಉಕ್ಕಿನ ತುಂಡು ಇರುತ್ತದೆ. ಹಿಡಿ ಎತ್ತಿ ಹಿಂದಕ್ಕೆಳೆದರೆ ತೆರೆಯುತ್ತದೆ, ಮುಂದೆ ನೂಕಿ ಒತ್ತಿದರೆ ಮುಚ್ಚುತ್ತದೆ. ಥೇಟು ಬಾಗಿಲಿನ ಚಿಲಕ. ಮಾವ ಬೋಲ್ಟ್ ಎನ್ನುತ್ತಿದ್ದ, ಅತ್ತೆ ಚಿಲಕ ಎಂದಳು. ಮನೆಯಲ್ಲಿ ಯಾವ ಹೆಸರು ಉಳಿಯಿತೆಂದು ನಾನು ಹೇಳಬೇಕಾಗಿಲ್ಲ. ಅದನ್ನು ಹೊರಗೆ ತೆಗೆದಿಟ್ಟರೆ ಕೋವಿ ಬರೀ ಒಂದು ಕೊಳವೆ. ಬೇರೆ ಕೋವಿಯದನ್ನು ತಂದು ಹಾಕೋಣವೆಂದರೆ ಆಗದು. ಕೋವಿಯ ಮೇಲೂ ಚಿಲಕದ ಮೇಲೂ ಕೆತ್ತಿದ ನಂಬರು ಒಂದೇ ಇರಬೇಕು. "ಜಾತಕ ಕೂಡೂದು ಒಂದಕ್ಕೆ ಮಾತ್ರ ತಂಗಿ. ಉಳಿದದ್ದೆಲ್ಲ ಎರಡನೇ ಸಂಬಂಧ" ಎನ್ನುತ್ತಿದ್ದ ಮಾವ. ನಮ್ಮ ಕಡೆ ಹಿರಿಯರು ಹೆಣ್ಣುಮಕ್ಕಳನ್ನೆಲ್ಲ ತಂಗಿ ಎಂದೇ ಕರೆಯುವುದು.

ಆ ಚಿಲಕ ಇರುತ್ತಿದ್ದದ್ದು ಅತ್ತೆಯ ವಶದಲ್ಲಿ. ಸೈನ್ಯದಿಂದ ಬಂದ ಹೊಸತರಲ್ಲಿ ಮಾವ ನಿದ್ದೆಯಲ್ಲಿ ಎದ್ದು ಕುಳಿತು ಪಕ್ಕದಲ್ಲಿ ಏನನ್ನೋ ತಡಕಾಡುತ್ತಿದ್ದನಂತೆ. ಮನೆಗೆ ಮೊದಲ ಕೋವಿ ಬಂದ ದಿನವೇ ಅತ್ತೆ ಕೈಚಾಚಿದಳು. "ಕೋವಿ ನಿಮ್ಮದು, ಚಿಲಕ ನಂದು. ಬೇಕಾದ್ರೆ ಕೇಳಿ." ಮಾವ ಕೊಟ್ಟುಬಿಟ್ಟ. ಅಂದಿನಿಂದ ಅದೊಂದು ಪದ್ಧತಿ. ಜಗಲಿಯಲ್ಲಿ ಗೋಣಿಚೀಲ ಹಾಸಿ ಅವನು ಕೂಗುತ್ತಿದ್ದ.

"ನಾಗವೇಣೀ, ಚಿಲಕ ಕೊಡ್ತ್ಯಾ?"

"ಎಂತಕ್ಕೆ?"

"ಎಣ್ಣೆ ಹಚ್ಚೂಕೆ."

"ಹಚ್ಚಾದ್ಮೇಲೆ ತಿರುಗಿ ಕೊಡೂದು."

ಅತ್ತೆ ಅದನ್ನು ತರುವಾಗ ಮತ್ತು ಬಚ್ಚಿಡುವಾಗ ಮಾವ ಸಮುದ್ರದ ಕಡೆ ಮುಖ ಮಾಡಿ ಕೂರುತ್ತಿದ್ದ. ಎಲ್ಲಿಡುತ್ತಾಳೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅಕ್ಕಿ ಡಬ್ಬದಲ್ಲಿ ಎಂದು ನನ್ನ ಗುಮಾನಿ. ಎಷ್ಟೋ ಗಂಡಹೆಂಡಿರ ನಡುವೆ ಲೋಕದ ಮಾತೆಲ್ಲ ಇರುತ್ತದೆ, ಇಂಥದ್ದೊಂದು ಇರುವುದಿಲ್ಲ. ನನಗೆ ಕೋವಿ ಕಂಡರೆ ಆಗದು, ಇವತ್ತಿಗೂ ಆಗದು. ಆದರೆ ಆ ಎರಡು ಮಾತು ಕೇಳಲೆಂದೇ ರಜೆಯಲ್ಲಿ ಧಾರೇಶ್ವರಕ್ಕೆ ಹೋಗುತ್ತಿದ್ದೆ.

ಇನ್ನೊಂದು ಪದ್ಧತಿ ಸರಕಾರದ್ದು. ಚುನಾವಣೆ ಬಂತೆಂದರೆ ಲೈಸೆನ್ಸಿನ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕು. ಮುಗಿದ ಮೇಲೆ ವಾಪಸು ತರಬೇಕು. ಅತ್ತೆ ಅದನ್ನು ತವರಿಗೆ ಹೋಗುವುದು ಎನ್ನುತ್ತಿದ್ದಳು. ತನ್ನ ಹಳೆಯ ಹತ್ತಿ ಸೀರೆಯಲ್ಲಿ ಕೋವಿಯನ್ನು ಸುತ್ತಿ, ಹಿತ್ತಾಳೆ ತಗಡಿಗೆ ಕುಂಕುಮವಿಟ್ಟು, "ಈ ಮುದಿ ಸವತಿಗೆ ವರ್ಷಕ್ಕೊಂದು ಸಲ ತವರು. ನಂಗೆ ಅದೂ ಇಲ್ಲ!" ಎಂದು ಕಳಿಸಿಕೊಡುತ್ತಿದ್ದಳು. ಠಾಣೆಯವರೂ ಆ ಕುಂಕುಮ ನೋಡಿ ನಗುತ್ತಿದ್ದರಂತೆ.

ಆಮೇಲೆ ಅತ್ತೆಗೆ ಮರೆವು ಶುರುವಾಯಿತು. ಮೊದಮೊದಲು ಚಾಕ್ಕೆ ಉಪ್ಪು, ನನಗೆ ನನ್ನ ಅಮ್ಮನ ಹೆಸರು. ನಾವೂ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಹಾಗಿರುವಾಗ ಒಂದು ಚುನಾವಣೆ ಬಂತು, ಠಾಣೆಯಿಂದ ಫೋನೂ ಬಂತು. ನಾನು ಆಗ ಅಲ್ಲೇ ಇದ್ದೆ. ಮಾವ ಎಂದಿನಂತೆ ಕೂಗಿದ.

"ನಾಗವೇಣೀ, ಚಿಲಕ ಕೊಡ್ತ್ಯಾ?"

ಅತ್ತೆ ಒಳಗಿನಿಂದ ಬಂದು ಬಾಗಿಲ ಕಡೆ ನೋಡಿದಳು. "ಈಗ್ಲೇ ಎಂತಕ್ಕೆ ಬಾಗ್ಲು ಹಾಕೂದು? ಹೊತ್ತಿನ್ನೂ ಮುಳುಗ್ಲಿಲ್ಲ."

ಮಾವನ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವನು ಮಾತ್ರ "ಆತು, ಇರ್ಲಿ" ಎಂದ, ಏನೂ ಆಗದವನ ಹಾಗೆ.

ಚಿಲಕವಿಲ್ಲದ ಕೋವಿಯನ್ನು ಠಾಣೆಯವರು ಒಪ್ಪುವುದಿಲ್ಲ. ಅರ್ಧ ಕೋವಿ ಎಲ್ಲಿ ಎಂದರೆ ಹೆಂಡತಿ ಮರೆತಿದ್ದಾಳೆ ಎಂದು ಹೇಳಲಾದೀತೇ? ಲೈಸೆನ್ಸೂ ಹೋದೀತು, ಕೇಸೂ ಆದೀತು. ನಾನು ಸೆರಗು ಸಿಕ್ಕಿಸಿಕೊಂಡು ಅಕ್ಕಿ ಡಬ್ಬದ ಕಡೆ ಹೊರಟೆ. ಮಾವ ಕೈ ಹಿಡಿದ.

"ಹುಡುಕಬೇಡ ತಂಗಿ."

"ಎಂತ ಮಾವಾ ನೀನು! ಪೊಲೀಸರು ಬಂದು ಹುಡುಕಿದ್ರೆ ಚೆಂದವಾ?"

"ಈ ಮನೆಲಿ ನಾನು ಅದನ್ನ ಯಾವತ್ತೂ ಹುಡುಕ್ಲಿಲ್ಲ. ಈಗ ಹುಡುಕಿದ್ರೆ ಅವಳಿಗೆ ತಿಳೀತದೆ."

"ಎಂತ ತಿಳೀತದೆ?"

"ಅವಳಿಗೆ ಮರ್ತು ಹೋಗ್ಯದೆ ಅಂತ ನಂಗೆ ಗೊತ್ತಾಯ್ತು ಅಂತ."

ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಯಾರ ಮೇಲೆ ಸಿಟ್ಟು ಎಂದು ಇವತ್ತಿಗೂ ತಿಳಿದಿಲ್ಲ. "ಹಾಗಾರೆ ಎಂತ ಮಾಡ್ತೆ?" ಎಂದರೆ, "ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ಬರ್ತದೆ ಬಿಡು" ಎಂದು ಬೀಡಿ ಹಚ್ಚಿದ.

ಒಪ್ಪಿಸಲು ಕೊನೆಯ ದಿನ. ಮಧ್ಯಾಹ್ನದ ಊಟವಾದ ಮೇಲೆ ಮಾವ ಏನನ್ನೂ ಕೇಳದೆ ಗೋಣಿಚೀಲ ಹಾಸಿದ. ಕೋವಿಯನ್ನು ತೊಡೆಯ ಮೇಲೆ ಮಲಗಿಸಿ ಬಾಟ್ಲಿಯ ಬಿರಡೆ ತೆಗೆದ. ತವರಿಗೆ ಕಳಿಸುವ ಮುಂಚೆ ಒಂದು ಸಲ ಎಣ್ಣೆ ಹಚ್ಚಿಬಿಡೋಣ ಎಂದಷ್ಟೇ ಅವನ ಮನಸ್ಸಿನಲ್ಲಿತ್ತೇನೋ. ವಾಸನೆ ಜಗಲಿ ದಾಟಿ ನಡುಮನೆಗೆ ಹೋಯಿತು, ಅಡುಗೆಮನೆಗೆ ಹೋಯಿತು. ಸಮುದ್ರದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಟ್ಟೆ ಹಿಂದೆ ಮುಂದೆ ಆಡುತ್ತಿತ್ತು. ನನಗೆ ಎಂದಿನಂತೆ ಕಣ್ಣು ಎಳೆಯುತ್ತಿತ್ತು.

"ಇದಿಲ್ಲದೆ ಎಂತ ಹಚ್ತ್ರಿ ನೀವು?"

ಅತ್ತೆ! ಬಾಗಿಲಲ್ಲಿ ನಿಂತಿದ್ದಳು. ಸೆರಗಿನ ತುದಿಯಲ್ಲಿ ಚಿಲಕ. ಮಾವ ಆಗಲೇ ಸಮುದ್ರದ ಕಡೆ ಮುಖ ಮಾಡಿಬಿಟ್ಟಿದ್ದ. ಹಾಗೇ ಹಿಂದಕ್ಕೆ ಕೈ ಚಾಚಿದ. ಅವನ ಕಣ್ಣು ತುಂಬಿದ್ದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು, ಅತ್ತೆಗೆ ಕಾಣಲಿಲ್ಲ. ಎಲ್ಲಿಂದ ತಂದಳು? ನನಗೆ ಗೊತ್ತಿಲ್ಲ. ಅಕ್ಕಿ ಡಬ್ಬದಲ್ಲಂತೂ ಅಲ್ಲ. ಅದಕ್ಕೆ ನಾನು ಅವನಿಗೆ ತಿಳಿಯದಂತೆ ಕೈ ಹಾಕಿ ನೋಡಿದ್ದೆ.

ಆ ಸಲ ತವರಿಗೆ ಹೋದ ಕೋವಿಯನ್ನು ಮಾವ ವಾಪಸು ತರಲಿಲ್ಲ. ಲೈಸೆನ್ಸ್ ಬಿಟ್ಟುಕೊಟ್ಟ. "ಮುಂದಿನ ಸಲ ಅವಳಿಗೆ ನೆನಪಾಗದೆ ಹೋದ್ರೆ, ಆ ಮುಖ ನೋಡೂಕೆ ನನ್ನಿಂದಾಗೂದಿಲ್ಲ ತಂಗಿ" ಎಂದ. ಎಷ್ಟೋ ವರ್ಷದ ಹುಚ್ಚು ಅಷ್ಟಕ್ಕೆ ಇಳಿಯಿತು. ಆದರೆ ಎಣ್ಣೆ ಹಚ್ಚುವುದು ಮಾತ್ರ ನಿಲ್ಲಲಿಲ್ಲ. ಇಳಿಹೊತ್ತಿಗೆ ಗೋಣಿಚೀಲ ಹಾಸಿ ಮಣೆಗೋ ಕುರ್ಚಿಯ ಕಾಲಿಗೋ ಹೊನ್ನೆ ಎಣ್ಣೆ ತಿಕ್ಕುತ್ತಿದ್ದ. ಆ ವಾಸನೆಗೆ ಅತ್ತೆ ಬರುತ್ತಿದ್ದಳು. ಕೈಯಲ್ಲಿ ಸೌಟೋ, ಬಾಚಣಿಗೆಯೋ, ಒಂದು ದಿನ ಬದನೆಕಾಯಿ. "ತಕೊಳ್ಳಿ ಚಿಲಕ." ಮಾವ ಎರಡೂ ಕೈಯಲ್ಲಿ ತೆಗೆದುಕೊಂಡು, ಬದನೆಕಾಯಿಗೆ ಎಣ್ಣೆಬಟ್ಟೆ ಸವರಿ, ತಿರುಗಿ ಕೊಟ್ಟು, ಸಮುದ್ರದ ಕಡೆ ಮುಖ ಮಾಡುತ್ತಿದ್ದ. ದಿನದ ಉಳಿದ ಹೊತ್ತಿನಲ್ಲಿ ಅವಳಿಗೆ ಅವನು ಯಾರೆಂದೇ ತಿಳಿಯುತ್ತಿರಲಿಲ್ಲ.

ಮಾವ ಹೋದ. ಅತ್ತೆಯನ್ನು ಕುಮಟೆಗೆ ಕರೆತಂದೆ, ಎಣ್ಣೆಯ ಬಾಟ್ಲಿಯನ್ನು ಅಲ್ಲಿಯೇ ಬಿಟ್ಟುಬಂದೆ. ಅವನೆಲ್ಲಿ ಎಂದು ಅವಳು ಕೇಳುವುದೇ ಇಲ್ಲ. ಈ ವಾಸನೆಗೆ ಎದ್ದು ಬಂದು, ಜಗಲಿಯಲ್ಲಿ ಅವನಿಲ್ಲದ್ದನ್ನು ಕಂಡರೆ? ಮರೆತದ್ದನ್ನು ನೆನಪಿಸಿ ಕಣ್ಣೀರು ಹಾಕಿಸುವುದು ಯಾವ ಸೀಮೆಯ ನ್ಯಾಯ? ಇಷ್ಟು ನನ್ನ ಹೆದರಿಕೆ. ಆಚಾರಿಗೆ ಹೇಳದೆ ಉಳಿದದ್ದು.

ಇಷ್ಟರಲ್ಲಿ ಆಚಾರಿ ತಟ್ಟೆಯನ್ನು ಬುಡಮೇಲು ಮಾಡುತ್ತಿದ್ದ. "ಅಕ್ಕಾ, ಬಿಜಾಗರಿ ಎಲ್ಲ ಇದ್ದ ಹಾಂಗೇ ಅವೆ. ಚಿಲಕ ಕಾಣೂದಿಲ್ಲ. ಈಗ ಇಲ್ಲೇ ಇತ್ತು ಮಾರಾಯ್ತಿ! ನಾನು ಕೈಕಾಲು ತೊಳೆಯೂಕೆ ಹೋದಾಗ ಯಾರಾದ್ರೂ ಬಂದಿದ್ರಾ?"

ನಾನು ಹಿಂತಿರುಗಿ ನೋಡಿದೆ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಆಚಾರಿ ಬಗ್ಗಿ ಮೆಟ್ಟಿಲ ಸಂದಿಯಲ್ಲೆಲ್ಲ ಕೈಯಾಡಿಸತೊಡಗಿದ.

"ಹುಡುಕಬೇಡಿ ಆಚಾರ್ರೇ" ಎಂದೆ. ಯಾರ ಧ್ವನಿ ಎಂದು ನನಗೇ ಒಂದು ಕ್ಷಣ ಅನುಮಾನ ಬಂತು. "ಡಬ್ಬ ತೆಗೀರಿ. ಎಣ್ಣೆ ಹಚ್ಚಿ."

ಅವನು ನನ್ನನ್ನು ಒಂದು ಥರ ನೋಡಿದ. ಎಣ್ಣೆ ಬೇಡ ಎಂದವಳೂ ಇವಳೇ, ಬೇಕು ಎನ್ನುವವಳೂ ಇವಳೇ. ಮುಚ್ಚಳ ತೆಗೆದು ಬಟ್ಟೆ ಅದ್ದಿದ. ವಾಸನೆ ಎದ್ದಿತು. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ.

ಅತ್ತೆ ಗೋಡೆ ಹಿಡಿದು ಮೆಲ್ಲಗೆ ಬಂದಳು. ಸೆರಗಿನ ತುದಿ ಗಂಟಾಗಿತ್ತು, ಒಳಗೆ ಏನೋ ಭಾರ. ಜಗಲಿಯನ್ನೆಲ್ಲ ಒಮ್ಮೆ ನೋಡಿದಳು. ಆಚಾರಿಯನ್ನು ನೋಡಿದಳು, ಕೆಳಗೆ ಮಲಗಿದ ಬಾಗಿಲನ್ನು ನೋಡಿದಳು. ಅವಳ ಕಣ್ಣು ಯಾರನ್ನು ಅರಸುತ್ತಿದೆ ಎಂದು ನನಗೆ ಗೊತ್ತಿತ್ತು. ಇನ್ನು ತಡೆದರೆ ಆಗದು ಎನಿಸಿತು.

"ಅತ್ತೇ, ಚಿಲಕ ಕೊಡ್ತ್ಯಾ?"

ಅವಳು ನನ್ನ ಕಡೆ ತಿರುಗಿದಳು. ಹುಬ್ಬು ಗಂಟಾಯಿತು.

"ಎಂತಕ್ಕೆ?"

"ಎಣ್ಣೆ ಹಚ್ಚೂಕೆ."

ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಯಲ್ಲಿ ಚಿಲಕ ಇಟ್ಟಳು. ಅವಳ ಮೈಶಾಖದಿಂದ ಅದು ಬೆಚ್ಚಗಿತ್ತು. "ಹಚ್ಚಾದ್ಮೇಲೆ ತಿರುಗಿ ಕೊಡೂದು."

ಆಚಾರಿ ಸ್ಕ್ರೂ ಹಿಡಿದು ಕಾಯುತ್ತಿದ್ದ. ಹೊಸದೊಂದು ಚಿಲಕ ತರಲು ಅವನನ್ನು ಪೇಟೆಗೆ ಕಳಿಸಿದೆ. ಇದಕ್ಕೆ ಚೆನ್ನಾಗಿ ಎಣ್ಣೆ ಸವರಿ ಅತ್ತೆಯ ಕೈಗೆ ಕೊಟ್ಟೆ. ಅವಳು ಒಳಗೆ ಹೋಗಿ ಅದನ್ನು ಎಲ್ಲಿಯೋ ಇಟ್ಟು ಬರುವ ತನಕ ನಾನು ಸಮುದ್ರ ಇರುವ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆ.